ನನಗೆ ಹೊಂದುವ ಮೀಟಿಂಗ್

ಕುಡಿತ ಬಿಡೋರ ಮೀಟಿಂಗ್ ಹುಡುಕೋದು ಬೆಂಗಳೂರಲ್ಲಿ ಪಿಜಿ ಹುಡುಕಿದ ಹಾಗೆ. ಮೊದಲನೆಯದು ಹಿಡಿಸಲ್ಲ, ಎರಡನೆಯದು ದೂರ, ಮೂರನೆಯದರಲ್ಲಿ ಯಾರೋ ಪರಿಚಯದವರು ಕೂತಿರ್ತಾರೆ. ನನಗೆ ಮೂರೂ ಆಯ್ತು.

ಮೊದಲು ಹೋಗಿದ್ದು ಡಾಕ್ಟರ್ ಹತ್ರ. ಇದನ್ನು ಒತ್ತಿ ಹೇಳ್ತೀನಿ, ಯಾಕಂದ್ರೆ 'ನಾಳೆಯಿಂದ ಬಂದ್' ಅಂತ ಶಪಥ ಮಾಡೋ ವೀರರು ನಮ್ಮಲ್ಲಿ ಬಹಳ. ವರ್ಷಗಟ್ಟಲೆ ದಿನಾ ಕುಡಿದವರು ಏಕ್‌ದಂ ನಿಲ್ಲಿಸಿದರೆ ಕೈನಡುಕ ಬಿಡಿ, ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರು ಮಾತ್ರೆ ಬರೆದರು, ಆಮೇಲೆ ಕೇಳಿದರು: "ಮಾತ್ರೆ ಮುಗಿದ ಮೇಲೆ ಸಂಜೆ ಏಳು ಗಂಟೆಗೆ ಎಲ್ಲಿರ್ತೀರಿ?" ನನ್ನ ಹತ್ರ ಉತ್ತರ ಇರಲಿಲ್ಲ. ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಮೀಟಿಂಗಿಗೆ ಹೋಗಿ ನೋಡಿ ಅಂದರು.

1935ರಲ್ಲಿ ಅಮೆರಿಕದ ಆಕ್ರನ್ ಅನ್ನೋ ಊರಲ್ಲಿ ಒಬ್ಬ ಶೇರು ದಲ್ಲಾಳಿ, ಒಬ್ಬ ಸರ್ಜನ್, ಇಬ್ಬರೂ ಕುಡುಕರು, ಕೂತು ಮಾತಾಡಿದ್ದರಿಂದ ಶುರುವಾಗಿದ್ದು ಅದು. ಫೀಸಿಲ್ಲ. ಮನೆತನದ ಹೆಸರು ಹೇಳಬೇಕಾಗಿಲ್ಲ. ಬಿಡಬೇಕು ಅನ್ನೋ ಆಸೆ ಇದ್ದರೆ ಸಾಕು. ಕೆಲವು ಸಭೆ ಯಾರು ಬೇಕಾದರೂ ಬರಬಹುದಾದಂಥವು, ಕೆಲವು ಕುಡಿತದ ಸಮಸ್ಯೆ ಇರೋರಿಗೆ ಮಾತ್ರ.

ನಾನು ಮೊದಲು ಹೋಗಿದ್ದು ಇಂಗ್ಲಿಷ್ ಮೀಟಿಂಗಿಗೆ. ಒಳ್ಳೆ ಜನ, ಒಳ್ಳೆ ಚಹಾ. ನನ್ನ ಸರದಿ ಬಂದಾಗ ಚೆನ್ನಾಗಿ ಮಾತಾಡಿದೆ. ಅದೇ ತೊಂದರೆ. ಕ್ಲೈಂಟ್ ಮುಂದೆ ಮಾತಾಡಿದ ಹಾಗೆ ಮಾತಾಡಿದೆ. 'ಆಲ್ಕೋಹಾಲಿಕ್' ಅನ್ನೋ ಪದ ಡೆಸಿಗ್ನೇಶನ್ ಥರ ಸಲೀಸಾಗಿ ಬಾಯಿಂದ ಬಂತು. ಮನೆಗೆ ಹೋಗ್ತಾ ದಾರೀಲಿ ಎರಡು ಬಿಯರ್ ತಗೊಂಡೆ. ತಪ್ಪು ಮೀಟಿಂಗಿಂದಲ್ಲ, ನಂದು.

ಆಮೇಲೆ ಕನ್ನಡದ ಮೀಟಿಂಗ್. ಎರಡು ಬಸ್ಸು ಹಿಡಿಯಬೇಕು. ನನ್ನ ಪಕ್ಕ ಆಟೋ ಓಡಿಸೋರೊಬ್ಬರು ಎದ್ದು ನಿಂತು, "ನಾನು ಕುಡುಕ" ಅಂದರು. ನನ್ನ ಸರದಿಗೆ ಆ ಪದ ಗಂಟಲಲ್ಲೇ ನಿಂತುಬಿಡ್ತು. ಅದು ಅಮ್ಮ ಯಾರನ್ನೋ ಬೈಯೋ ಪದ, ಸಂತೆ ದಿನ ರಸ್ತೇಲಿ ಬಿದ್ದಿರೋನಿಗೆ ಹೇಳೋ ಪದ. ಅವತ್ತು ಹೇಳಲಾಗಲಿಲ್ಲ. ಆದರೂ ಹೋಗ್ತಾ ಇದ್ದೆ. ನಾಲ್ಕು ತಿಂಗಳು ಒಂದು ತೊಟ್ಟೂ ಮುಟ್ಟಲಿಲ್ಲ.

ಡಿಸೆಂಬರಲ್ಲಿ ಅಪ್ಪನಿಗೆ ಮಂಡಿ ನೋವು ಜಾಸ್ತಿ ಆಯ್ತು. ಕಾಫಿ ಕೊಯ್ಲು ಬೇರೆ. ವರ್ಕ್ ಫ್ರಂ ಹೋಂ ತಗೊಂಡು ಅರೇಹಳ್ಳಿಗೆ ಬಂದೆ. ಬೆಳಿಗ್ಗೆ ಲ್ಯಾಪ್‌ಟಾಪ್, ಸಂಜೆ ಕಣ. ಹಣ್ಣು ಅಳೆದು ಮುಗಿಯೋ ಹೊತ್ತಿಗೆ ಚಳಿ ಇಳಿಯುತ್ತೆ, ಅಪ್ಪ ಗ್ಲಾಸ್ ತೆಗೀತಾರೆ. ನಮ್ಮ ಕಡೆ ತೋಟದವರು ಸಂಜೆ 'ಎರಡು ಪೆಗ್' ತಗೊಂಡರೆ ಅದಕ್ಕೆ ಕುಡಿತ ಅಂತ ಯಾರೂ ಅನ್ನಲ್ಲ. ಬಟವಾಡೆ ದಿನ ಆಳು ನೈಂಟಿ ಪ್ಯಾಕೆಟ್ ಹರಿದರೆ ಮಾತ್ರ ಅದು ಕುಡಿತ.

ಆನ್‌ಲೈನ್ ಮೀಟಿಂಗ್ ಪ್ರಯತ್ನಪಟ್ಟೆ. ಸಿಗ್ನಲ್ ಸಿಗೋದು ಕಣದ ಮೂಲೇಲಿ ಮಾತ್ರ, ಅಲ್ಲಿ ಕಿವಿಗಳು ಜಾಸ್ತಿ. ಹಾಸನಕ್ಕೆ ಹೋಗೋಣ ಅಂದರೆ ಬೇಲೂರಿಂದಲೇ ಸುಮಾರು 40 ಕಿಲೋಮೀಟರ್, ರಾತ್ರಿ ವಾಪಸ್ ಬರೋದು ಹೇಗೆ? ಒಂಬತ್ತನೇ ದಿನ ಅಪ್ಪನ ಬೀರು ಮುಂದೆ ಹತ್ತು ನಿಮಿಷ ನಿಂತಿದ್ದೆ.

ಮಾರನೇ ದಿನ ಮೂಟೆ ಲೆಕ್ಕ ಬರೆಸೋವಾಗ ನಮ್ಮ ತೋಟದಲ್ಲಿ ಬಹಳ ವರ್ಷದಿಂದ ಇರೋರೊಬ್ಬರು, ಅವರನ್ನ ಅಣ್ಣ ಅಂತಲೇ ಕರೆಯೋದು, ತಲೆ ಎತ್ತದೆ ಹೇಳಿದರು: "ಶನಿವಾರ ನಮ್ ನವಜೀವನ ಸಮಿತಿ ಸಭೆ ಐತೆ. ಬರೋದಾದ್ರೆ ಬನ್ನಿ."

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ಮಾಡ್ತಾರಲ್ಲ, ಅದರಲ್ಲಿ ಬಿಟ್ಟವರು ಆಮೇಲೆ ಸೇರೋ ಗುಂಪು ಈ ಸಮಿತಿ. ಎಎ ಹೆಸರು ಮುಚ್ಚಿಡುತ್ತೆ. ಶಿಬಿರ ಇದಕ್ಕೆ ಪೂರ್ತಿ ಉಲ್ಟಾ, ಊರಿಗೆಲ್ಲ ಗೊತ್ತಿರುತ್ತೆ, ಹೆಂಡತಿ ಮಕ್ಕಳೂ ಬರ್ತಾರೆ. ವರ್ಷಗಳ ಹಿಂದೆ ಇಂಥದೊಂದು ಶಿಬಿರಕ್ಕೆ ಅಪ್ಪ ಅಕ್ಕಿ ಕೊಟ್ಟಿದ್ದರು. ವೇದಿಕೆ ಮೇಲೆ ಶಾಲು ಹೊದ್ದು ಕೂತಿದ್ದರು. ಅವತ್ತು ರಾತ್ರಿ ಮನೇಲಿ ಎಂದಿನ ಹಾಗೆ ಗ್ಲಾಸ್ ತೆಗೆದರು. ನಾನು ಪಿಯುಸಿ, ಅದರಲ್ಲಿ ಏನೂ ವಿಚಿತ್ರ ಕಂಡಿರಲಿಲ್ಲ.

ಹೋಗಲೋ ಬೇಡವೋ ಅಂತ ಮೂರು ದಿನ ಒದ್ದಾಡಿದೆ. ಎಎಯ ಪದ್ಧತಿ ನನಗೆ ಯಾಕೆ ಇಷ್ಟ ಆಗಿತ್ತು ಅಂತ ಆಗ ಹೊಳೀತು. ಅಲ್ಲಿ ನಾನು ಬರೀ ಒಂದು ಹೆಸರು. ಇಲ್ಲಿ ನಾನು ಇಂಥವರ ಮಗ. ಸಂಬಳ ಕೊಡೋ ಮನೆಯವನು ಆಳುಗಳ ಮುಂದೆ ಏನಂತ ಹೇಳೋದು?

ಸಮುದಾಯ ಭವನದಲ್ಲಿ ಹನ್ನೊಂದು ಜನ, ಪ್ಲಾಸ್ಟಿಕ್ ಕುರ್ಚಿ. ಐದು ಜನ ನಮ್ಮ ತೋಟಕ್ಕೆ ಒಂದಲ್ಲ ಒಂದು ಸೀಸನ್ನಿಗೆ ಬಂದವರು. ಒಬ್ಬರು ತಮ್ಮನ ಮದುವೇಲಿ ಕುಡಿಯದೆ ಹೇಗೆ ಕಳೆದೆ ಅಂತ ಹೇಳಿದರು. ಇನ್ನೊಬ್ಬರು ಏನೂ ಹೇಳದೆ ಕೂತರು. ನನ್ನ ಸರದಿ. "ನಾನು..." ಅಂತ ನಿಂತೆ. ಆಮೇಲೆ ಬಂತು. "ನಾನೂ ಕುಡುಕ."

ಯಾರೂ ಬೆಚ್ಚಲಿಲ್ಲ. ಅಣ್ಣ ಮಾತ್ರ ಸಮಾಧಾನ ಹೇಳೋ ದನೀಲಿ, "ಗೊತ್ತು ಬಿಡಿ, ಸಣ್ ಗೌಡ್ರೆ. ನೀವು ರಜಕ್ಕೆ ಬಂದು ಹೋದ್ಮೇಲೆ ಖಾಲಿ ಬಾಟ್ಲಿ ಗುಜರಿಗೆ ಹಾಕ್ತಿದ್ದೋನು ನಾನೇ ಅಲ್ವ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಅತ್ತೆ. ಯಾರಿಂದ ಮುಚ್ಚಿಡಬೇಕು ಅಂತ ಅಷ್ಟು ದೂರ ಎರಡು ಬಸ್ಸು ಬದಲಾಯಿಸ್ತಿದ್ದೆನೋ ಅವರಿಗೆ ಮೊದಲಿಂದ ಗೊತ್ತಿತ್ತು.

ಎಲ್ಲರಿಗೂ ಇದೇ ಸರಿ ಅಂತಲ್ಲ. ಭಜನೆ, ಪ್ರಾರ್ಥನೆ ಕೆಲವರಿಗೆ ಒಗ್ಗಲ್ಲ. ಹೆಣ್ಣುಮಕ್ಕಳು ಇಂಥ ಸಭೇಲಿ ಎದ್ದು ನಿಂತು ಇದನ್ನ ಹೇಳೋದು ಇನ್ನೂ ಕಷ್ಟ, ಅವರಿಗೆ ಹೆಸರು ಹೇಳದ ಕೋಣೆಯೇ ಬೇಕು. ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ 14446ಕ್ಕೆ ಫೋನ್ ಮಾಡಬಹುದು, ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ. ನಾನಂತೂ ಬೆಂಗಳೂರಲ್ಲಿದ್ದಾಗ ಎರಡು ಬಸ್ಸು ಹಿಡಿದು ಕನ್ನಡದ ಮೀಟಿಂಗಿಗೇ ಹೋಗ್ತೀನಿ. ಊರಲ್ಲಿದ್ದರೆ ಶನಿವಾರ.

ಎರಡನೇ ಶನಿವಾರ ಹೊರಟಾಗ ಅಪ್ಪ ಜಗಲೀಲಿ ಕೂತಿದ್ದರು. ಗ್ಲಾಸ್ ಪಕ್ಕದಲ್ಲಿತ್ತು.

"ಎಲ್ಲಿಗೆ?"

"ಮೀಟಿಂಗಿಗೆ."

"ಆಫೀಸಿಂದಾ?"

"ಅಲ್ಲಪ್ಪ."

ಸ್ವಲ್ಪ ಹೊತ್ತು ತೋಟದ ಕಡೆ ನೋಡಿದರು. "ಟಾರ್ಚ್ ತಗೊಂಡ್ ಹೋಗು. ಮೇಲಿನ ತೋಟದಲ್ಲಿ ಆನೆ ಇಳಿದಾವಂತೆ."