ಹಗೇವಿನ ರಾಗಿ

ಧಾನ್ಯವನ್ನು ಕೂಡಿಡುವುದಕ್ಕೆ ನಮ್ಮವರು ಮಾಡಿಕೊಂಡ ಕಣಜ, ವಾಡೆ, ಗುಡಾಣಗಳೆಲ್ಲ ಕಣ್ಣಿಗೆ ಕಾಣುವಂಥವು; ಮನೆಯೊಳಕ್ಕೆ ಕಾಲಿಟ್ಟವರಿಗೆ ಯಜಮಾನನ ಐಶ್ವರ್ಯವನ್ನು ತಾವಾಗಿಯೇ ಸಾರುವ ಸ್ವಭಾವ ಅವಕ್ಕಿದೆ. ಹಗೇವು ಆ ಜಾತಿಗೆ ಸೇರಿದ್ದಲ್ಲ. ನೀರು ಜಿನುಗದ ಎತ್ತರದ ಗಟ್ಟಿ ನೆಲವನ್ನು ಆರಿಸಿ, ಒಬ್ಬ ಮನುಷ್ಯನು ಭುಜಗಳನ್ನು ಸಂಕೋಚಿಸಿಕೊಂಡು ಇಳಿಯುವಷ್ಟು ಮಾತ್ರ ಕಿರಿದಾದ ಬಾಯಿ ತೆಗೆದು, ಕೆಳಗೆ ಹೋದಂತೆಲ್ಲ ಹೂಜಿಯ ಹೊಟ್ಟೆಯ ಹಾಗೆ ಅಗಲಿಸಿ ತೋಡಿ, ತಳಕ್ಕೂ ಗೋಡೆಗೂ ಒಣಹುಲ್ಲನ್ನು ಒತ್ತಾಗಿ ಹೊದಿಸಿ, ರಾಗಿಯನ್ನು ಕಂಠದವರೆಗೆ ಸುರಿದು, ಮೇಲೆ ಮತ್ತೆ ಹುಲ್ಲು ಹಾಕಿ ಚಪ್ಪಡಿ ಮುಚ್ಚಿ, ಸಂದುಗಳಿಗೆ ಕೆಸರು ಮೆತ್ತಿ, ಮಣ್ಣು ಹರಡಿ ನೆಲವನ್ನು ಸಮ ಮಾಡಿಬಿಟ್ಟರೆ, ಅಲ್ಲಿ ಒಂದು ಸಂಸಾರದ ಎರಡು ಮೂರು ವರುಷಗಳ ಅನ್ನವಿದೆಯೆಂಬುದು ಅದರ ಮೇಲೆಯೇ ನಡೆದುಹೋಗುವ ಪರಸ್ಥಳದವನಿಗೆ ತಿಳಿಯುವಂತಿರಲಿಲ್ಲ. ತುಮಕೂರು ಜಿಲ್ಲೆಯ ಬಯಲುಸೀಮೆಯ ನಮ್ಮ ಊರಿನಲ್ಲಿ ಹಗೇವುಗಳ ಮೇಲೆ ಎಮ್ಮೆ ಕಟ್ಟುತ್ತಿದ್ದರು, ಸೌದೆ ಒಟ್ಟುತ್ತಿದ್ದರು, ಮದುವೆಯ ಚಪ್ಪರವನ್ನೂ ಹಾಕುತ್ತಿದ್ದರು.

ಹೀಗೆ ಹೂತಿಟ್ಟ ರಾಗಿ ಕೆಡುವುದಿಲ್ಲವೆ ಎಂದು ಪಟ್ಟಣದ ಸ್ನೇಹಿತರು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಕಾಳುಗಳೆಲ್ಲವೂ ಉಸಿರಾಡತಕ್ಕ ಪದಾರ್ಥಗಳು. ಮುಚ್ಚಿದ ಹಗೇವಿನಲ್ಲಿ ಅವು ಒಳಗಿನ ಪ್ರಾಣವಾಯುವನ್ನು ತಾವೇ ತೀರಿಸಿ ಇಂಗಾಲಾಮ್ಲವನ್ನು ತುಂಬಿಬಿಡುವುದರಿಂದ ಹುಳುವಿಗೆ ಅಲ್ಲಿ ಜೀವಿಸುವ ಮಾರ್ಗವೇ ಇಲ್ಲ. ಅದರಲ್ಲಿಯೂ ರಾಗಿಯ ಕಾಳು ಅತಿ ಸಣ್ಣದು, ಗಟ್ಟಿಯಾದದ್ದು; ಹೊರಗಿಟ್ಟರೂ ಹುಳು ಅದರ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ. ಆದುದರಿಂದ ಹಗೇವಿನ ರಾಗಿ ಹತ್ತಾರು ವರುಷ ನಿಲ್ಲುತ್ತಿತ್ತು; ತಾತ ತುಂಬಿದ್ದನ್ನು ಮೊಮ್ಮಗ ತೆಗೆದ ಸಂಗತಿಗಳು ನಮ್ಮ ಕಡೆ ಅಪರೂಪವಲ್ಲ. ಆದರೆ ಈ ದೀರ್ಘಾಯುಷ್ಯಕ್ಕೆ ಒಂದು ಕಟ್ಟುಪಾಡುಂಟು. ಒಮ್ಮೆ ಬಾಯಿ ತೆರೆದರೆ ಹೊರಗಿನ ಗಾಳಿಯೂ ತೇವವೂ ಒಳಹೊಕ್ಕು ಕಾಳು ಮುಗ್ಗಲು ಹಿಡಿಯುತ್ತದೆ; ಈ ಹೊತ್ತಿನ ಮುದ್ದೆಗೆ ಬೇಕಾದ ಒಂದು ಬಳ್ಳವನ್ನು ತೆಗೆದುಕೊಂಡು ಮತ್ತೆ ಮುಚ್ಚಿಡುತ್ತೇನೆಂದರೆ ಅದು ಒಪ್ಪುವುದಿಲ್ಲ. ತೆಗೆದರೆ ಸಮಸ್ತವನ್ನೂ ತೆಗೆಯಬೇಕು. ಸಮಸ್ತವನ್ನೂ ತೆಗೆಯುವುದು ಒಬ್ಬನ ಕೈಯಲ್ಲಿ ಆಗತಕ್ಕ ಕೆಲಸವಲ್ಲ. ಹತ್ತು ಜನ ಬೇಕು, ಹಗಲು ಬೇಕು, ಒಣಗಹಾಕಲು ವಿಶಾಲವಾದ ಕಣ ಬೇಕು. ವರುಷಾನುಗಟ್ಟಲೆ ಗುಟ್ಟಾಗಿದ್ದ ಸಂಪತ್ತು ತೆರೆದ ದಿನ ಊರಿನ ಕಣ್ಣೆದುರಿಗೆ ಹರಡಿಕೊಂಡು ಕೂರಲೇಬೇಕು. ನಮ್ಮ ಹಿರಿಯರ ಔದಾರ್ಯವನ್ನು ಕುರಿತು ಈಚೆಗೆ ಕೇಳಿಬರುವ ಭಾಷಣಗಳಲ್ಲಿ ಹಗೇವಿನ ಈ ಹಟಮಾರಿತನಕ್ಕೆ ಸಲ್ಲಬೇಕಾದ ಪಾಲು ಸಲ್ಲುತ್ತಿಲ್ಲವೆಂದು ನನಗೆ ತೋರುತ್ತದೆ.

ಗುಟ್ಟಿನ ಪ್ರಯೋಜನವನ್ನು ನಮ್ಮವರು ಚೆನ್ನಾಗಿ ಬಲ್ಲವರಾಗಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರವು ಲೆವಿ ಎಂದು ಧಾನ್ಯವನ್ನು ಕಡ್ಡಾಯವಾಗಿ ವಸೂಲು ಮಾಡತೊಡಗಿದಾಗ, ಅಳೆಯಲು ಬಂದವರು ನಮ್ಮ ಅಂಗಳದಲ್ಲಿಯೇ ಚಾಪೆ ಹಾಕಿಸಿಕೊಂಡು ಮಜ್ಜಿಗೆ ಕುಡಿದು ಹೋದರೆಂದೂ, ಆ ಚಾಪೆಯ ಅಡಿಯಲ್ಲಿಯೇ ಹಗೇವಿತ್ತೆಂದೂ ನನ್ನ ಅಜ್ಜಿ ನಗುತ್ತ ಹೇಳುತ್ತಿದ್ದಳು. ಈ ಕಥೆಯನ್ನು ಅಕ್ಕಪಕ್ಕದ ಊರಿನವರೂ ತಮ್ಮ ತಮ್ಮ ಅಂಗಳಕ್ಕೆ ಸೇರಿಸಿ ಹೇಳುವುದನ್ನು ಕೇಳಿದ್ದೇನೆ. ಆದುದರಿಂದ ಇದರ ಸತ್ಯಾಸತ್ಯತೆಯನ್ನು ನಾನು ಹೆಚ್ಚಾಗಿ ವಿಚಾರಿಸಲು ಹೋಗುವುದಿಲ್ಲ.

ನಗುವಿಗೆ ಎಡೆಯಿಲ್ಲದ ಬೇರೊಂದು ಕಥೆಯೂ ಆಕೆಯಲ್ಲಿತ್ತು. ಧಾತು ಈಶ್ವರ ಸಂವತ್ಸರಗಳ, ಅಂದರೆ 1876ರಿಂದ 78ರವರೆಗಿನ ಮಹಾಕ್ಷಾಮವನ್ನು ಆಕೆ ಕಂಡವಳಲ್ಲ. ತನ್ನ ಅಜ್ಜಿಯ ಬಾಯಿಂದ ಕೇಳಿದವಳು. ಮೊದಲನೆಯ ವರುಷವನ್ನು ಹಗೇವುಗಳು ದಾಟಿಸಿದುವು, ಎರಡನೆಯ ವರುಷ ಹಗೇವುಗಳಲ್ಲಿ ಕತ್ತಲೆ ಮಾತ್ರ ಇತ್ತು ಎಂದು ಆಕೆ ಹೇಳುತ್ತಿದ್ದಳು. ಮೈಸೂರು ಸೀಮೆಯ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದುದು 1881ರ ಗಣತಿಯ ವೇಳೆಗೆ 42 ಲಕ್ಷದೊಳಕ್ಕೆ ಇಳಿಯಿತು. ಮದರಾಸಿನ ಕಡೆಯಿಂದ ರೈಲು ಧಾನ್ಯವನ್ನು ಬೆಂಗಳೂರಿನವರೆಗೆ ತರುತ್ತಿತ್ತು, ಅಲ್ಲಿಂದಾಚೆಗೆ ಹಳಿಗಳಿರಲಿಲ್ಲ, ಗಾಡಿಗಳಲ್ಲಿ ಸಾಗಿಸೋಣವೆಂದರೆ ಎಳೆಯತಕ್ಕ ಎತ್ತುಗಳೇ ಮೇವಿಲ್ಲದೆ ಬೀಳುತ್ತಿದ್ದುವು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುದಾರಿಯ ಕೆಲಸ ಮೊದಲಾದುದು ಈ ಬರದಲ್ಲಿ ನೊಂದವರಿಗೆ ಕೂಲಿ ಒದಗಿಸುವ ಕಾಮಗಾರಿಯಾಗಿ. ಆ ದಾರಿಯಲ್ಲಿ ಈಗ ಕಿಟಕಿಯ ಪಕ್ಕ ಕುಳಿತು ಮದ್ದೂರುವಡೆಯನ್ನು ಮೆಲ್ಲುತ್ತ ಹೋಗುವಾಗ ನನಗೆ ಒಂದು ಕ್ಷಣ ವಡೆ ಗಂಟಲಲ್ಲಿ ನಿಲ್ಲುವುದುಂಟು. ಆಮೇಲೆ ಇಳಿಯುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ನಾನು ಕಣ್ಣಾರೆ ಕಂಡ ಬರ ವಿಶ್ವಾವಸು ಸಂವತ್ಸರದ್ದು, 1965ರದು. ಮುಂಗಾರಿನಲ್ಲಿ ಒಂದೆರಡು ಹದಮಳೆಯಾಗಿ ಕೂರಿಗೆ ಹೂಡಿದ ಮೇಲೆ, ಮಖೆ ಹೋಯಿತು, ಹುಬ್ಬೆ ಹೋಯಿತು, ಉತ್ತರೆ ಹೋಯಿತು. ಪಂಚಾಂಗದಲ್ಲಿ ನಕ್ಷತ್ರಗಳು ಬದಲಾಗುತ್ತಿದ್ದುವೇ ಹೊರತು ಆಕಾಶದ ಮುಖಭಾವ ಬದಲಾಗಲಿಲ್ಲ. ಪೈರು ಗೇಣುದ್ದ ಬೆಳೆದು, ತೆನೆ ಕಟ್ಟದೆ, ನಿಂತಲ್ಲಿಯೇ ಒಣಗಿತು. ಹುಡುಗರಾದ ನಾವು ಜೇಡಿಮಣ್ಣಿನ ಮಳೆರಾಯನನ್ನು ಹಲಗೆಯ ಮೇಲೆ ಕೂರಿಸಿ, ನಮ್ಮಲ್ಲೊಬ್ಬನ ತಲೆಯ ಮೇಲೆ ಹೊರಿಸಿ, ರಾತ್ರಿಯ ಹೊತ್ತು ಮನೆಮನೆಯ ಮುಂದೆ ಹಾಡಿಕೊಂಡು ಹೋದೆವು. ಹೆಂಗಸರು ಮಳೆರಾಯನ ಮೇಲೆ ನೀರು ಹೊಯ್ದು ಹಿಟ್ಟು ನೀಡುವುದು ಪದ್ಧತಿ. ಆ ವರುಷ ಬಾವಿ ತಳ ಕಂಡಿದ್ದುದರಿಂದ ನೀರು ಚಂಬಿನಿಂದ ಲೋಟಕ್ಕೆ, ಲೋಟದಿಂದ ಬೆರಳ ತುದಿಯ ಹನಿಗೆ ಇಳಿಯಿತು. ಮಳೆರಾಯನಿಗೆ ಸ್ನಾನ ಸಾಲದೆ ಹೋದುದೇ ಮಳೆ ಬಾರದಿದ್ದುದಕ್ಕೆ ಕಾರಣವೆಂದು ಹೊತ್ತ ಹುಡುಗ ಬಹುಕಾಲ ವಾದಿಸುತ್ತಿದ್ದ.

ಅದೇ ಸುಮಾರಿನಲ್ಲಿ ಪ್ರಧಾನಿ ಲಾಲ್‌ ಬಹಾದ್ದೂರ್‌ ಶಾಸ್ತ್ರಿಗಳು, ದೇಶದ ಜನರೆಲ್ಲ ಸೋಮವಾರದ ರಾತ್ರಿಯ ಊಟವನ್ನು ಬಿಟ್ಟು ಧಾನ್ಯವನ್ನು ಉಳಿಸಬೇಕೆಂದು ಕೇಳಿಕೊಂಡ ಸುದ್ದಿ ಪಂಚಾಯಿತಿಯ ರೇಡಿಯೋದ ಮೂಲಕ ನಮ್ಮೂರಿಗೂ ಬಂತು. ಶಿವಭಕ್ತರ ಮನೆಗಳಲ್ಲಿ ಸೋಮವಾರದ ಒಪ್ಪೊತ್ತು ಪೂರ್ವದಿಂದಲೂ ನಡೆದುಬಂದದ್ದು. ಉಳಿದವರ ಮನೆಗಳಲ್ಲಿ ಮಂಗಳವಾರ ಬುಧವಾರಗಳೂ ಆಗಲೇ ಒಪ್ಪೊತ್ತಾಗಿದ್ದುವು. ಜಗುಲಿಯ ಮೇಲೆ ಕುಳಿತಿದ್ದ ನಮ್ಮ ತಾತ ಕೇಳಿಸಿಕೊಂಡು, “ಪಾಪ, ದೊಡ್ಡ ಮನುಷ್ಯ. ನಮ್ಮನ್ನ ಕೇಳಿದ್ರೆ ಇನ್ನೂ ಎರಡು ದಿನ ಸೇರಿಸಿ ಹೇಳಬೋದಾಗಿತ್ತು” ಎಂದರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಶಾಸ್ತ್ರಿಗಳಲ್ಲಿ ಅವರಿಗೆ ನಿಜವಾದ ಗೌರವವಿತ್ತು.

ಸಂಕ್ರಾಂತಿ ಕಳೆಯಿತು. ಕಣ ಮಾಡುವ ಕೆಲಸವೇ ಇಲ್ಲದ ಸುಗ್ಗಿ ಅದು. ರೋಣಗಲ್ಲು ಬೇಲಿಯ ಪಕ್ಕದಲ್ಲಿ ಬಿದ್ದಿತ್ತು. ಕಣವಿಲ್ಲವೆಂದರೆ ಒಕ್ಕಲಿಗನೊಬ್ಬನಿಗೆ ಬೆಳೆಯಿಲ್ಲವೆಂದು ಮಾತ್ರ ಅರ್ಥವಲ್ಲ. ಕಣದಲ್ಲಿಯೇ ತಮ್ಮ ವರುಷದ ಆಯವನ್ನು ಪಡೆಯತಕ್ಕ ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ ಮೊದಲಾದವರೆಲ್ಲರ ಒಲೆಗಳೂ ಆ ಕಣವನ್ನೇ ನೆಚ್ಚಿರುತ್ತಿದ್ದುವು. ಅವರಾರೂ ಬಾಯಿಬಿಟ್ಟು ಕೇಳಲಿಲ್ಲ. ಕುಂಬಾರರ ಅಜ್ಜ ಒಂದು ದಿನ ಬೆಳಗ್ಗೆ ಬಂದು, ಬೇಡವೆಂದರೂ ಕೇಳದೆ ಎರಡು ಹೊಸ ಮಡಕೆಗಳನ್ನು ನಮ್ಮ ಬಾಗಿಲಲ್ಲಿ ಇಟ್ಟು, ಹವೆಯ ವಿಚಾರವನ್ನು ಎರಡು ಮಾತು ಆಡಿ ಹೊರಟುಹೋದ. ಅದರ ಮಾರನೆಯ ದಿನ ತಾತ ಹಗೇವು ತೆಗೆಸುವುದಾಗಿ ಹೇಳಿದರು.

ಮಣ್ಣು ಸರಿಸಿ, ಹಾರೆಗಳಿಂದ ಮೀಟಿ ಚಪ್ಪಡಿಯನ್ನು ಜರುಗಿಸಿದಾಗ ಒಳಗಿನಿಂದ ಬೆಚ್ಚನೆಯ, ಹುಳಿಯ, ಮೂಗಿಗೆ ಅಡರುವ ಗಾಳಿ ಎದ್ದಿತು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಹಿಂದೆ ಸರಿದರು. ಹಗೇವಿನ ಗಾಳಿಯಲ್ಲಿ ಇಳಿದವನು ಕೂಗುವುದಕ್ಕೂ ಆಗದೆ ಕುಸಿದು ಸತ್ತ, ಅವನನ್ನು ಎತ್ತಲು ಇಳಿದವನೂ ಸತ್ತ ಸಂಗತಿಗಳು ಸೀಮೆಯಲ್ಲೆಲ್ಲ ಪ್ರಸಿದ್ಧವಾಗಿದ್ದುವು. ಒಂದು ದಿನ ಪೂರ್ತಿಯಾಗಿ ಬಾಯಿ ತೆರೆದು ಬಿಟ್ಟು, ಮರುದಿನ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟರು. ಆಳುದ್ದ ಹೋಗುವಷ್ಟರಲ್ಲಿ ಅದು ಆರಿತು. ಹೊಂಗೆಯ ಸೊಪ್ಪಿನ ಕೊಂಬೆಗಳನ್ನು ಕಟ್ಟು ಕಟ್ಟಿ ಹಗ್ಗದಿಂದ ಮೇಲಕ್ಕೂ ಕೆಳಕ್ಕೂ ಆಡಿಸಿ ಗಾಳಿಯನ್ನು ಕಲಕಿದ ಮೇಲೆ ದೀಪ ನಿಂತಿತು. ಆಗ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದವನು ಕೇರಿಯ ಆಳು. ಒಳಗಿನಿಂದ ಬುಟ್ಟಿ ಬುಟ್ಟಿಯಾಗಿ ಬಂದ ರಾಗಿಯಲ್ಲಿ ಗೋಡೆಗಂಟಿದ್ದದ್ದು ಹುಲ್ಲಿನೊಡನೆ ಕಪ್ಪಾಗಿ ಹೆಂಟೆಗಟ್ಟಿತ್ತು; ನಡುವಿನದು ಮಾತ್ರ ಇಂದು ಒಕ್ಕಿದಂತೆ ಕೆಂಪಗೆ, ಕೈಯಿಂದ ಜಾರುತ್ತಿತ್ತು. ಮುದ್ದೆಯಲ್ಲಿ ಅದರ ವಾಸನೆ ಎಷ್ಟು ತೊಳೆದು ಒಣಗಿಸಿದರೂ ಹೋಗಲಿಲ್ಲ. ಹಗೇವಿನ ರಾಗಿ ದೇಹಕ್ಕೆ ತಂಪೆಂದು ಅಜ್ಜಿ ಸಮಾಧಾನ ಹೇಳಿದಳು. ಆ ವರುಷ ದೇಹಕ್ಕೆ ತಂಪಾಗದ ಪದಾರ್ಥವೇ ಊರಿನಲ್ಲಿರಲಿಲ್ಲ.

ಅಳೆಯುವುದು ಎರಡು ದಿನ ನಡೆಯಿತು. ಮೊದಲನೆಯ ಕೊಳಗಕ್ಕೆ ಒಂದು ಎನ್ನದೆ ಲಾಭ ಎಂದು ಎಣಿಕೆ ಆರಂಭಿಸುವ ಸಂಪ್ರದಾಯವನ್ನು ತಾತ ಬರದಲ್ಲಿಯೂ ಬಿಡಲಿಲ್ಲ. ಮೊದಲು ಆಯಗಾರರಿಗೆ, ಬೆಳೆ ಬಂದಿದ್ದರೆ ಕಣದಲ್ಲಿ ಸಲ್ಲುತ್ತಿದ್ದುದರ ಅರ್ಧ. ಆಮೇಲೆ ಕಡ ಕೇಳಿಬಂದ ಒಕ್ಕಲುಗಳಿಗೆ, ಮನೆಯ ತಲೆಯೆಣಿಕೆಯ ಮೇಲೆ. ಕೊಡುವಾಗ ಕೊಳಗವನ್ನು ಅಂಗೈಯಿಂದ ಸವರಿ ಮಟ್ಟವಾಗಿ ಅಳೆಯುವುದು, ಹಿಂದಕ್ಕೆ ತರುವವರು ತಲೆ ತುಂಬ ರಾಶಿಯಾಗಿ ಅಳೆಯುವುದು. ಮಟ್ಟಕ್ಕೂ ರಾಶಿಗೂ ಇರುವ ಅಂತರವೇ ಬಡ್ಡಿ. ಹೀಗೆ ನೋಡಿದರೆ ತಾತನವರು ನಷ್ಟದ ವ್ಯಾಪಾರ ಮಾಡಿದವರಲ್ಲ. ತೆರೆದ ಹಗೇವಿನ ಹಳೆಯ ರಾಗಿಯನ್ನು ಅವರು ತಾವೇ ಇಟ್ಟುಕೊಂಡು ಮಾಡತಕ್ಕದ್ದೇನಿತ್ತು? ಊರು ಅದನ್ನು ಉಂಡು, ಮುಂದಿನ ಬೆಳೆಯಲ್ಲಿ ಹೊಸ ರಾಗಿಯನ್ನು ತಂದು ತುಂಬುವುದರಲ್ಲಿ ಹಗೇವಿನ ಆಯುಸ್ಸೂ ಇತ್ತು, ಮನೆತನದ ಮರ್ಯಾದೆಯೂ ಇತ್ತು. ದಾನವಾವುದು, ಸ್ವಾರ್ಥವಾವುದು ಎಂದು ಬೇರ್ಪಡಿಸುವುದಕ್ಕೆ ಆ ಕೊಳಗದಲ್ಲಿ ಗೆರೆಯಿರಲಿಲ್ಲ. ಆದರೆ ಇನ್ನೊಂದನ್ನು ಹೇಳದೆ ಬಿಟ್ಟರೆ ಬರವಣಿಗೆ ಅಪ್ರಾಮಾಣಿಕವಾಗುತ್ತದೆ: ಆ ವಿಷದ ಗಾಳಿಗೆ ಮೊದಲು ಇಳಿದ ಕೇರಿಯ ಆಳು ತನ್ನ ಪಾಲನ್ನು ಕಟ್ಟಕಡೆಯಲ್ಲಿ, ಅಂಗಳದ ಆಚೆ ನಿಂತು, ಪಂಚೆಯ ಸೆರಗೊಡ್ಡಿ ಪಡೆದ. ಊರಿನ ಒಗ್ಗಟ್ಟಿಗೂ ಒಂದು ಅಂಗಳದ ಗಡಿಯಿತ್ತು.

ಸೊಸೈಟಿಯಲ್ಲಿ ಅಮೆರಿಕದ ಗೋಧಿಯೂ ಕೆಂಪುಜೋಳವೂ ಬಂದವು. ಗೋಧಿಯನ್ನು ಏನು ಮಾಡಬೇಕೆಂದು ತಿಳಿಯದೆ ನಮ್ಮ ಹೆಂಗಸರು ಅದನ್ನೂ ಬೀಸಿ ಮುದ್ದೆ ಕಟ್ಟಿದರು. ಅದು ಬಾಯಿಗೂ ಕೈಗೂ ಅಂಟಿಕೊಂಡು, ಎರಡರಿಂದಲೂ ಬಿಡದೆ, ಮನೆಮಂದಿಯನ್ನು ಒಂದು ವಾರ ಮೌನಿಗಳನ್ನಾಗಿ ಮಾಡಿತು.

ಮಳೆ ಬಂದಾಗ ಬೇರೆ ತೊಂದರೆ. ಎಷ್ಟೋ ಮನೆಗಳಲ್ಲಿ ಎತ್ತುಗಳು ದನದ ಜಾತ್ರೆಯಲ್ಲಿ ಸಿಕ್ಕಿದ ಬೆಲೆಗೆ ಹೋಗಿದ್ದುವು. ರಾಗಿಯ ಬಿತ್ತನೆಗೆ ನೆಲದ ಹದ ಕೆಲವೇ ದಿನ ನಿಲ್ಲತಕ್ಕದ್ದು, ಆರಿತೆಂದರೆ ಆರಿತು. ಆಗ ಮುಯ್ಯಾಳಿನ ಲೆಕ್ಕದ ಮೇಲೆ, ಎತ್ತಿದ್ದವರು ಎತ್ತು ತಂದರು, ಇಲ್ಲದವರು ಕೈ ತಂದರು; ಈ ದಿನ ಇವನ ಹೊಲ, ನಾಳೆ ಅವನದು, ಇಂದು ಬಂದ ಒಂದು ಜೊತೆ ಎತ್ತಿಗೆ ಕಳೆ ಕೀಳುವಾಗ ಇಂತಿಷ್ಟು ಆಳು ಎಂದು ಬಾಯಿಮಾತಿನಲ್ಲಿಯೇ ಗೊತ್ತಾಯಿತು. ಕೂರಿಗೆಯ ಹಿಂದೆ ಬೀಜ ಬಿಡುತ್ತಿದ್ದ ನಮ್ಮ ಅತ್ತೆ, ಸಾಲಿನ ಕೊನೆಯಲ್ಲಿ ಪ್ರತಿಸಲವೂ ಮುಷ್ಟಿಯನ್ನು ಬಿಚ್ಚಿ, ಅಂಗೈಗಂಟಿದ ಕಾಳುಗಳನ್ನು ಮತ್ತೆ ಮಡಿಲಿಗೆ ಒರೆಸಿಕೊಳ್ಳುತ್ತಿದ್ದಳು. ಇಷ್ಟೆಲ್ಲ ಪರಸ್ಪರ ಸಹಾಯದ ನಡುವೆಯೇ, ಯಾರ ಹೊಲ ಮೊದಲೆಂಬ ವಿಷಯದಲ್ಲಿ ಇಬ್ಬರು ಅಣ್ಣತಮ್ಮಂದಿರು ಬಡಿದಾಡಿಕೊಂಡರೆಂಬುದನ್ನೂ ಬರೆದಿಡಬೇಕು.

ಈಗ ನಮ್ಮೂರಿನಲ್ಲಿ ಹಗೇವು ಇಲ್ಲ. ಮಂಡ್ಯದಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ಎಕರೆಯ ಇಳುವರಿ ಏರಿತು. ಬರಗಾಲಕ್ಕೆಂದು ಹೂತಿಡುವ ರಾಗಿ ಕಣದಿಂದಲೇ ಚೀಲ ಸೇರಿ ಲಾರಿ ಹತ್ತಿತು. ಬರ ಬಂದರೆ ನ್ಯಾಯಬೆಲೆ ಅಂಗಡಿಯುಂಟು. ಇದನ್ನು ನಾನು ದುಃಖದಿಂದ ಹೇಳುತ್ತಿಲ್ಲ. ಅಂಗಡಿಯ ಸಾಲಿನಲ್ಲಿ ಕೇರಿಯವರೂ ಊರವರೂ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ.

ಆ ವರುಷದ ಕಡದ ಲೆಕ್ಕವನ್ನು ತಾತ ನಡುಮನೆಯ ಗೋಡೆಯ ಮೇಲೆ ಇದ್ದಿಲಿನ ಗೀಟುಗಳಾಗಿ ಬರೆದಿದ್ದರು. ಮುಂದಿನ ಸುಗ್ಗಿಗಳಲ್ಲಿ ಬಹು ಮಂದಿ ತಂದು ಅಳೆದರು. ಅಳೆದವರ ಗೀಟುಗಳನ್ನು ತಾತ ಒದ್ದೆ ಬಟ್ಟೆಯಿಂದ ಒರೆಸಿದರು. ಇನ್ನೂ ಕೆಲವು ಉಳಿದಿರುವಾಗಲೇ ಅಜ್ಜಿ ಯುಗಾದಿಗೆ ಗೋಡೆಗೆಲ್ಲ ಸುಣ್ಣ ಬಳಿದುಬಿಟ್ಟಳು. ತಾತ ಮನೆ ಹಾರಿಹೋಗುವಂತೆ ಕೂಗಾಡಿದರು. “ಸುಣ್ಣ ಬಳೀದೆ ಹಬ್ಬ ಮಾಡಾದು ಹ್ಯಾಗೆ?” ಎಂದು ಅಜ್ಜಿ ಬೇವು ಬೆಲ್ಲದ ಬಟ್ಟಲನ್ನು ಅವರ ಮುಂದೆ ಹಿಡಿದಳು. ಗೋಡೆಯಿಂದ ಅಳಿದರೂ ತಾತನ ಮನಸ್ಸಿನಿಂದ ಆ ಗೀಟುಗಳು ಅಳಿಯಲಿಲ್ಲ. ಬಹಳ ವರುಷಗಳ ಮೇಲೆ ಅವರು ಹಾಸಿಗೆ ಹಿಡಿದಿದ್ದಾಗ ನೋಡಲು ಬಂದ ಒಬ್ಬ ಹಳೆಯ ಸಾಲಗಾರನನ್ನು, ತಮ್ಮ ಕಾಯಿಲೆಯ ಮಾತೆತ್ತಲು ಬಿಡದೆ, “ಏನಪ್ಪಾ, ಈ ಸಾರಿ ರಾಗಿ ಚೆನ್ನಾಗಾಯ್ತಂತೆ?” ಎಂದು ಕೇಳಿದರು. ಮಾರನೆಯ ಬೆಳಗ್ಗೆ ಅವನ ಮಗ ಮೂಟೆಯೊಂದನ್ನು ಹೊತ್ತು ತಂದು ಜಗುಲಿಯ ಮೇಲೆ ಇಳಿಸಿದ. ಅಜ್ಜಿ ಅದನ್ನು ಹಿತ್ತಿಲಿಗೆ ಒಯ್ದು ಅಳೆದಳು. ಒಂದು ಕೊಳಗ ಕಡಮೆಯಿತ್ತು. “ಸರಿಯಾಗಿದೆಯೇನೇ?” ಎಂದು ಒಳಗಿನಿಂದ ತಾತ ಕೂಗಿದರು. “ರಾಶಿಯಾಗೇ ಅಳೆದವ್ನೆ” ಎಂದಳು ಅಜ್ಜಿ.