ಡಾಕರಿನ ತಾಯಿ ಪ್ಯಾರಿಸ್ಸಿಗೆ ಹೊರಟರು

ಮಗಳ ಬಾಣಂತನಕ್ಕೆಂದು ಪರದೇಶಕ್ಕೆ ಹೊರಡುವ ತಾಯಂದಿರು ನಮ್ಮ ಬೆಂಗಳೂರು ಮೈಸೂರಿನಲ್ಲಿ ಮಾತ್ರ ಇದ್ದಾರೆ ಅಂದುಕೊಂಡಿರಾ? ಸೆನೆಗಲ್ ದೇಶದ ಡಾಕರಿನಲ್ಲೂ ಇದ್ದಾರೆ. ನಮ್ಮವರ ಕೆಲಸದ ದೆಸೆಯಿಂದ ಪ್ಯಾರಿಸ್ಸಿನಲ್ಲಿ ನಾಲ್ಕು ವರ್ಷ ಸಂಸಾರ ಹೂಡಿ, ಆಮೇಲೆ ಡಾಕರಿಗೆ ಬಂದ ನನ್ನನ್ನು ನೆರೆಮನೆಯವರು ತಮ್ಮ ಸಲಹೆಗಾರ್ತಿಯಾಗಿ ನೇಮಿಸಿಕೊಂಡೇಬಿಟ್ಟರು. ಅವರು ನಿವೃತ್ತ ಶಾಲಾ ಉಪಾಧ್ಯಾಯಿನಿ. ಅಲ್ಲಿ ಹಿರಿಯ ಹೆಂಗಸರನ್ನು ‘ತಾತಾ’ ಅಂತ ಕರೆಯುವುದುಂಟು. ಫ್ರೆಂಚಿನಲ್ಲಿ ಅತ್ತೆ, ಚಿಕ್ಕಮ್ಮ ಅಂತ ಅರ್ಥ. ಕನ್ನಡದಲ್ಲಿ ಏನರ್ಥ ಅಂತ ನಾನು ಹೇಳಿದ ದಿನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೊದಲನೆಯ ತಲೆನೋವು ದಿನಗಳ ಲೆಕ್ಕ. ಅಲ್ಪಾವಧಿ ವೀಸಾದಲ್ಲಿ 180 ದಿನಗಳೊಳಗೆ 90 ದಿನ ಮಾತ್ರ ಇರಬಹುದು. ಒಂದು ಸಲ ಅವರ ಅರ್ಜಿ ತಿರಸ್ಕಾರವಾಗಿತ್ತು, ಕಟ್ಟಿದ ಶುಲ್ಕವೂ ಹೋಯಿತು. ಎರಡನೇ ಸಲ ಮಗಳು ತನ್ನೂರಿನ ಪುರಸಭೆಯಿಂದ ‘ಅಮ್ಮ ನಮ್ಮ ಮನೆಯಲ್ಲೇ ಇಳಿದುಕೊಳ್ಳುತ್ತಾರೆ’ ಎಂಬ ಪತ್ರ ಮಾಡಿಸಿ ಕಳಿಸಿದಳು. 30,000 ಯೂರೋ ಮೊತ್ತದ ಆರೋಗ್ಯ ವಿಮೆಯೂ ಆಯಿತು. ವೀಸಾ ಬಂತು. “ನಾಳೆಯೇ ಹೊರಡ್ತೀನಿ” ಅಂದರು. “ತಾತಾ, ಸ್ವಲ್ಪ ತಡೀರಿ. ಮಗು ಹುಟ್ಟೋದು ಅದರಿಷ್ಟ, ವಾಪಸ್ ಬರೋದು ಸರ್ಕಾರದ ಇಷ್ಟ. ಈಗಲೇ ಹೋಗಿ ಕೂತರೆ ಮಗಳ ಹೊಟ್ಟೆ ನೋಡ್ಕೊಂಡು ಬರಬೇಕಾಗುತ್ತೆ. ಒಂಬತ್ತು ತುಂಬುವ ಹೊತ್ತಿಗೆ ಹೋಗಿ” ಅಂದೆ. ಹಾಗೆ ಹೋದರೆ ಕೂಸಿಗೆ ಎರಡು ತಿಂಗಳಾದರೂ ಅಜ್ಜಿ ಕೈಯ ನೀರು. ಅಲ್ಲಿ ನಮ್ಮ ಹರಳೆಣ್ಣೆಯ ಬದಲು ಕರಿಟೆ ಎಂಬ ಕಾಯಿಯ ಬೆಣ್ಣೆ ಹಚ್ಚಿ ತಿಕ್ಕುತ್ತಾರೆ, ಅಷ್ಟೇ ವ್ಯತ್ಯಾಸ.

ಇನ್ನು ಪೆಟ್ಟಿಗೆ ಕಟ್ಟುವ ಸಂಭ್ರಮ! ಮಾಂಸ, ಹಾಲು, ಮೊಸರು ಒಯ್ಯುವ ಹಾಗಿಲ್ಲ. ಮಾವಿನಹಣ್ಣಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಅನಾನಸಿಗೆ ಬೇಡ (ಯಾಕೆ ಅಂತ ಅನಾನಸನ್ನೇ ಕೇಳಬೇಕು). ಮೀನು ಮಾತ್ರ 20 ಕಿಲೋವರೆಗೆ ಸರಿ. ಒಣಮೀನು ತುಂಬಿದ ಆ ಪೆಟ್ಟಿಗೆಯ ಮೇಲೆ ಕೂತು ಬೀಗ ಒತ್ತಿದವಳು, ಈರುಳ್ಳಿಗೂ ಹಿಂದೆಮುಂದೆ ನೋಡುವ ಮನೆಯಲ್ಲಿ ಬೆಳೆದ ನಾನೇ! ಅಷ್ಟೊಂದು ಹೊರುವ ಅಗತ್ಯವೂ ಇರಲಿಲ್ಲ. ಪ್ಯಾರಿಸ್ಸಿನ ಶಾತೋ ರೂಜ್ ಮೆಟ್ರೋ ನಿಲ್ದಾಣದಿಂದ ಮೇಲೆ ಬಂದರೆ ಆಫ್ರಿಕದ ಬೆಂಡೆಕಾಯಿ, ಮೀನು, ಮೆಣಸಿನಕಾಯಿ ಎಲ್ಲ ಸಿಗುತ್ತೆ. ನನ್ನ ಕರಿಬೇವಿಗೆ ಅಲ್ಲಿಂದ ಸ್ವಲ್ಪ ದೂರದ ಲಾ ಶಪೆಲ್‌ನ ತಮಿಳರ ಅಂಗಡಿಗಳೇ ಗತಿಯಾಗಿದ್ದವು.

ಕಾಫಿ ಕುಡಿಯುವಾಗ ಯೂರೋ ಬೆಲೆಯನ್ನು 656ರಿಂದ ಗುಣಿಸಿ ನಿಮ್ಮ ಫ್ರಾಂಕಿಗೆ ತರಬೇಡಿ, ಕಾಫಿ ಗಂಟಲಲ್ಲಿ ಇಳಿಯೋಲ್ಲ ಅಂತಲೂ ಎಚ್ಚರಿಸಿದೆ. ಹೋಟೆಲಿನಲ್ಲಿ ‘ಕರಾಫ್’ ಅಂದರೆ ನಲ್ಲಿ ನೀರು ಪುಕ್ಕಟೆ.

ಅವರಿಗೆ ಕಷ್ಟವಾಗುವುದು ಕುಶಲಪ್ರಶ್ನೆ ಅಂತ ನನಗೆ ಗೊತ್ತಿತ್ತು. ಡಾಕರಿನಲ್ಲಿ “ನಂಗಾ ದೆಫ್?” ಅಂದರೆ “ಮಂಗಿ ಫಿ ರೆಕ್”, ಇಲ್ಲೇ ಇದ್ದೀನಿ ಅಂತ ಉತ್ತರ. ಆಮೇಲೆ ಗಂಡ, ಮಕ್ಕಳು, ಮನೆ ಎಲ್ಲರ ಸಮಾಚಾರ ಮುಗಿದ ಮೇಲೇ ಉಪ್ಪಿನ ಬೆಲೆ ಕೇಳುವುದು. ಪ್ಯಾರಿಸ್ಸಿನಲ್ಲಿ ಹಾಗಲ್ಲ. ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’ ಅನ್ನಲೇಬೇಕು, ಅನ್ನದಿದ್ದರೆ ಬ್ರೆಡ್ಡಿನ ಜೊತೆ ಕೆಂಗಣ್ಣೂ ಸಿಗುತ್ತೆ. ಆದರೆ ಅಷ್ಟಕ್ಕೇ ನಿಲ್ಲಿಸಬೇಕು. ಊಟದ ಹೊತ್ತಿಗೆ ಯಾರ ಮನೆಗೂ ಹೇಳದೆ ಕೇಳದೆ ಹೋಗಬಾರದು. ಒಂದೇ ದೊಡ್ಡ ಬೋಗುಣಿಯ ಸುತ್ತ ಎಲ್ಲರೂ ಕೂತು, ಬಂದವರಿಗೂ ಕೈ ಹಾಕಲು ಜಾಗ ಮಾಡಿಕೊಡುವ ಊರಲ್ಲ ಅದು.

“ಎಷ್ಟು ಚೆನ್ನಾಗಿ ಫ್ರೆಂಚ್ ಮಾತಾಡ್ತೀರಿ!” ಅಂತ ಅಲ್ಲಿ ಯಾರಾದರೂ ಬೆರಗಾಗೇ ಆಗುತ್ತಾರೆ. ಮೂವತ್ತು ವರ್ಷ ಮಕ್ಕಳಿಗೆ ಫ್ರೆಂಚ್ ವ್ಯಾಕರಣ ತಿದ್ದಿದವರು ಏನು ಹೇಳಬೇಕು? “ನೀವೂ ಚೆನ್ನಾಗೇ ಮಾತಾಡ್ತೀರಿ ಅಂದುಬಿಡಿ” ಅಂದೆ. ಅದನ್ನು ಎರಡು ಸಲ ಅಭ್ಯಾಸ ಮಾಡಿದರು.

ನಗುವಿನ ಮಾತಲ್ಲದ ಒಂದಿತ್ತು. ಜೊತೆಗೆ ಕಿರಿಮಗನೂ ಹೊರಟಿದ್ದ, ಇಪ್ಪತ್ತೆರಡರ ಹುಡುಗ. ಫ್ರಾನ್ಸಿನ ‘ಹಕ್ಕುಗಳ ರಕ್ಷಕ’ ಎಂಬ ಸ್ವತಂತ್ರ ಸಂಸ್ಥೆಯೇ 2017ರಲ್ಲಿ ಸಮೀಕ್ಷೆ ಮಾಡಿ ಹೇಳಿದೆ: ಕರಿಯರಂತೆ ಅಥವಾ ಅರಬರಂತೆ ಕಾಣುವ ತರುಣರನ್ನು ಪೊಲೀಸರು ತಡೆದು ಗುರುತುಚೀಟಿ ಕೇಳುವ ಸಂಭವ ಉಳಿದವರಿಗಿಂತ 20 ಪಟ್ಟು ಹೆಚ್ಚು. ನಾನು ಅಲ್ಲಿದ್ದಾಗ ನನ್ನನ್ನು ಯಾರೂ ತಡೆದದ್ದಿಲ್ಲ. ಆದರೆ ಕಣ್ಣೆದುರೇ ನಿಲ್ದಾಣದಲ್ಲಿ ಜೇಬು ತಡವಿಸಿಕೊಳ್ಳುತ್ತಾ ನಿಂತ ಹುಡುಗರನ್ನು ಎಷ್ಟೋ ಸಲ ನೋಡಿದ್ದೇನೆ. ಪಾಸ್‌ಪೋರ್ಟ್ ಮೈಮೇಲೇ ಇರಲಿ, ಮೆಟ್ರೋ ಟಿಕೆಟನ್ನು ಹೊರಗೆ ಬರುವತನಕ ಎಸೆಯಬೇಡ ಅಂತ ಅವನಿಗೆ ಹೇಳುವಾಗ ನನಗೇ ನಾಚಿಕೆಯಾಯಿತು. ಅವನು ಮಾತ್ರ “ಗೊತ್ತು ತಾತಾ” ಅಂದ. ಅವನ ಅಮ್ಮ ಏನೂ ಆಡದೆ ಸೀರೆಯಷ್ಟೇ ಉದ್ದದ ತಮ್ಮ ಬಟ್ಟೆಯನ್ನು ಮಡಿಸುತ್ತಾ ಕೂತರು.

ಕೊನೆಗೆ ಉಳಿದದ್ದು ಹೆಸರಿನ ಪೇಚಾಟ. ಅವರಲ್ಲಿ ಎಂಟನೇ ದಿನ ನಾಮಕರಣ. ಫ್ರಾನ್ಸಿನ ಕಾನೂನಿನಂತೆ ಮಗು ಹುಟ್ಟಿದ ಐದು ದಿನಗಳೊಳಗೆ ಪುರಸಭೆಯಲ್ಲಿ ಜನನ ಬರೆಸಬೇಕು, ಹೆಸರನ್ನೂ ಹೇಳಬೇಕು. ಅಜ್ಜಿ ಒಂದು ದಿನವೆಲ್ಲ ಯೋಚಿಸಿ ದಾರಿ ಕಂಡುಕೊಂಡರು. ಕಾಗದದಲ್ಲಿ ಅಳಿಯ ಬರೆಸಲಿ, ಮಗುವಿನ ಕಿವಿಯಲ್ಲಿ ಉಸುರುವುದು ಎಂಟನೇ ದಿನವೇ. ಗಂಡಿಗೊಂದು, ಹೆಣ್ಣಿಗೊಂದು ಹೆಸರು ಬರೆದ ಚೀಟಿಯನ್ನು ನಾಲ್ಕಾಗಿ ಮಡಿಸಿ ಪಾಸ್‌ಪೋರ್ಟಿನೊಳಗೆ ಇಟ್ಟರು. “ಏನು ಹೆಸರು, ನನಗಾದರೂ ಹೇಳಿ” ಅಂದೆ.

“ನೀನೂ ಎಂಟನೇ ದಿನ ಫೋನ್ ಮಾಡು” ಅಂದರು.