ಕ್ಯಾಮೆರಾ ಆಫ್ ಮಾಡ್ಲಾ ಮೇಡಂ?

ಐದು ಗಂಟೆಗೆ ಇನ್ನೆರಡು ನಿಮಿಷ. ಬಾಗಿಲಿಗೆ ಚಿಲಕ ಹಾಕಿದ್ದೀರಿ. ಕಿರುಗುಡುವ ಫ್ಯಾನನ್ನೂ ಆರಿಸಿದ್ದೀರಿ. ಮೈಕಿಗೆ ಅದೇ ಗುಡುಗು. ಬೆಂಗಳೂರಿನ ಈ ಪುಟ್ಟ ಕೋಣೆಯಲ್ಲಿ ಇವತ್ತು ಆಪ್ತಸಮಾಲೋಚಕಿ ನೀವೇ.

ಪರದೆ ಬೆಳಗುತ್ತದೆ. ಶಿರಸಿ ಕಡೆಯ ಮನೆಯೊಂದರ ಅಟ್ಟ, ಹಿಂದೆ ಅಡಿಕೆ ಮೂಟೆ, ಹೆಂಚಿನ ಮೇಲೆ ಮಳೆ. ಇಪ್ಪತ್ತಾರರ ಹುಡುಗ ಮೊಣಕಾಲು ಮಡಚಿ ಕೂತಿದ್ದಾನೆ. ನೆಟ್‌ವರ್ಕ್ ಸಿಗುವುದೂ ಇಲ್ಲೇ, ಅಮ್ಮನಿಗೆ ಕೇಳದಂತೆ ಅಳಲು ಜಾಗವಿರುವುದೂ ಇಲ್ಲೇ.

ಮೊದಲು ಒಣ ಪ್ರಶ್ನೆಗಳು. ಈಗ ಎಲ್ಲಿದ್ದೀರಿ, ಹತ್ತಿರ ಯಾರಿದ್ದಾರೆ, ಕರೆ ಕಟ್ಟಾದರೆ ಯಾವ ನಂಬರಿಗೆ ಮಾಡಲಿ? ಸುಮಾರು 400 ಕಿ.ಮೀ. ದೂರದಿಂದ ಕೈ ಚಾಚಬೇಕಲ್ಲ. ಅವನು ಹತ್ತು ಅಂಕಿಗಳನ್ನು ನಿಧಾನವಾಗಿ ಹೇಳುತ್ತಾನೆ. ಬರೆದುಕೊಳ್ಳುತ್ತೀರಿ.

ಕಣ್ಣಿನದೇ ಫಜೀತಿ. ಅವನ ಮುಖ ನೋಡಿದರೆ ನೀವು ತಲೆ ತಗ್ಗಿಸಿದಂತೆ ಅವನಿಗೆ ಕಾಣುತ್ತದೆ. ಕ್ಯಾಮೆರಾದ ಚುಕ್ಕಿ ನೋಡಿದರೆ ಅವನ ಮುಖ ನಿಮಗೆ ತಪ್ಪುತ್ತದೆ. ವಿಡಿಯೊ ಚೌಕವನ್ನು ಎಳೆದು ಕ್ಯಾಮೆರಾದ ಬುಡಕ್ಕೇ ತರುತ್ತೀರಿ. ನಿಮ್ಮ ಮುಖದ ಚೌಕವನ್ನು ಮರೆಮಾಡುತ್ತೀರಿ. ಕನ್ನಡಿ ಎದುರು ಕೂತು ಇನ್ನೊಬ್ಬರ ದುಃಖ ಕೇಳುವುದುಂಟೇ?

"ಅಪ್ಪ ಹೋಗಿ ಮೂರು ತಿಂಗಳಾಯ್ತು ಮೇಡಂ..."

"ಹ್ಞೂಂ" ಅನ್ನುತ್ತೀರಿ. ಅದು ತಡವಾಗಿ ಹೋಗಿ ಅವನ ಮುಂದಿನ ಮಾತಿನ ಮೇಲೆ ಬೀಳುತ್ತದೆ.

"ಏನಂದ್ರಿ?"

ಎಳೆ ತುಂಡಾಯಿತು. ಹತ್ತು ಭಾಷೆಗಳ ಮಾತುಕತೆ ಅಳೆದ 2009ರ ಅಧ್ಯಯನವೊಂದರ ಪ್ರಕಾರ, ಒಬ್ಬರ ಪ್ರಶ್ನೆಗೂ ಇನ್ನೊಬ್ಬರ ಉತ್ತರಕ್ಕೂ ನಡುವೆ ಸರಾಸರಿ 200 ಮಿಲಿಸೆಕೆಂಡಿನಷ್ಟೇ ಬಿಡುವು. ಆ ತಾಳವನ್ನು ನೆಟ್‌ವರ್ಕ್ ಕೆಡಿಸುತ್ತದೆ. ಹ್ಞೂಂಗುಡುವುದು ಬಿಟ್ಟು ತಲೆಯಾಡಿಸತೊಡಗುತ್ತೀರಿ, ಕೊಂಚ ದೊಡ್ಡದಾಗಿಯೇ. ಇನ್ನೊಬ್ಬರ ಒಳಲೋಕವನ್ನು ತನ್ನದೇ ಎಂಬಂತೆ ಕಾಣಬೇಕು ಎಂದು 1957ರಲ್ಲಿ ಬರೆದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಇನ್ನೊಂದು ಷರತ್ತನ್ನೂ ಹಾಕಿದ್ದರು: ಅದು ಎದುರಿನವರಿಗೆ ಸ್ವಲ್ಪವಾದರೂ ತಲುಪಬೇಕು. ತಲುಪಿಸುವ ಕೆಲಸ ಈಗ ಟವರಿನ ದಯೆಯಲ್ಲಿದೆ.

ಅವನು ಅಲುಗಾಡುತ್ತಿಲ್ಲ. ಮೌನವೋ, ಚಿತ್ರವೇ ನಿಂತುಹೋಯಿತೋ? "ಕೇಳಿಸ್ತಿದೆಯಾ?" ನಾಲಗೆ ತುದಿಗೆ ಬರುತ್ತದೆ. ಹೆಡ್‌ಫೋನಿನಲ್ಲಿ ಮಳೆ ಸುರಿಯುತ್ತಲೇ ಇದೆ. ಹಾಗಾದರೆ ಲೈನಿದೆ. ನಾಲಗೆ ಕಚ್ಚಿಕೊಂಡು ಕಾಯುತ್ತೀರಿ.

"ಕ್ಯಾಮೆರಾ ಆಫ್ ಮಾಡ್ಲಾ ಮೇಡಂ?"

ಮನಸ್ಸು ಅಳುಕುತ್ತದೆ. ಕಣ್ಣೀರು ಕಾಣದು, ಕೈನಡುಕ ಕಾಣದು.

"ಮಾಡಿ. ನಾನಿಲ್ಲೇ ಇದ್ದೀನಿ."

ಕಪ್ಪು ಚೌಕ. ತಮಾಷೆಯೆಂದರೆ, ಅವನು ಹತ್ತಿರವಾದದ್ದು ಈಗ. ಎಂಜಲು ನುಂಗುವುದು, 'ಅಪ್ಪ' ಅನ್ನುವಾಗಲೆಲ್ಲ ದನಿ ಒಂದು ಮೆಟ್ಟಿಲು ಇಳಿಯುವುದು, ಎಲ್ಲ ಕೇಳುತ್ತಿದೆ. ನೋಡುತ್ತ ಕೇಳಿದವರಿಗಿಂತ ಬರೀ ದನಿ ಕೇಳಿದವರೇ ಇನ್ನೊಬ್ಬರ ಭಾವನೆಯನ್ನು ಹೆಚ್ಚು ಸರಿಯಾಗಿ ಗುರುತಿಸಿದರೆಂದು ಯೇಲ್ ವಿಶ್ವವಿದ್ಯಾಲಯದ ಮೈಕೆಲ್ ಕ್ರೌಸ್ 2017ರಲ್ಲಿ ಪ್ರಕಟಿಸಿದ್ದರು. ಪ್ರಯೋಗದ ಮಾತು ಅದು, ಅಟ್ಟದ್ದಲ್ಲ. ಆದರೂ 2022ರ ಅಕ್ಟೋಬರ್ 10ರಂದು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಶುರುವಾದಾಗ 14416ಕ್ಕೆ ಕರೆ ಮಾಡಿದವರನ್ನು ಸಂತೈಸಿದ್ದು ದನಿಯೇ ತಾನೆ!

"ಮೇಡಂ, ಆಗ ಕೊಟ್ಟೆನಲ್ಲ ನಂಬರು... ಅದು ಅಪ್ಪಂದು. ಇನ್ನೂ ರೀಚಾರ್ಜ್ ಮಾಡಿಸ್ತಾ ಇದೀನಿ."

ಬರೆದುಕೊಂಡ ಹತ್ತು ಅಂಕಿಗಳ ಮೇಲೆ ನಿಮ್ಮ ಪೆನ್ನು ನಿಂತಿದೆ. ಅವನ ಹೆಂಚಿನ ಮಳೆ ನಿಮ್ಮ ಕಿವಿಯಲ್ಲಿ.

"ಹ್ಞೂಂ" ಅನ್ನುತ್ತೀರಿ. ಈ ಸಲವೂ ತಡವಾಗಿಯೇ ತಲುಪಿರಬೇಕು. ಯಾವ ಮಾತಿನ ಮೇಲೂ ಬೀಳಲಿಲ್ಲ.